ದಣಿವಿಗೂ ಒಂದು ಹೆಸರು ಬೇಕೆ?

ಜ್ವರ ಬಂದರೆ ಥರ್ಮಾಮೀಟರು ಸಾಕ್ಷಿ ಹೇಳುತ್ತದೆ. ಕಾಲು ಉಳುಕಿದರೆ ಬಾವು ಕಣ್ಣಿಗೆ ಕಾಣುತ್ತದೆ. ದಣಿವಿಗೆ ಮಾತ್ರ ಸಾಕ್ಷಿಯಿಲ್ಲ. 'ಯಾಕೋ ಸುಸ್ತು' ಎಂದ ಹೆಂಗಸಿಗೆ ನಮ್ಮ ಮನೆಗಳಲ್ಲಿ ಸಿಗುವ ಉತ್ತರ ಎರಡೇ: 'ವಯಸ್ಸಾಯಿತಲ್ಲ' ಎಂಬುದು ಒಂದು, 'ಯಾರಿಗಿಲ್ಲ ಸುಸ್ತು?' ಎಂಬುದು ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ಎರಡೂ ಮಾತನ್ನು ಅಲ್ಲಿಗೇ ಮುಗಿಸಿಬಿಡುತ್ತವೆ.

ಎರಡು ವರ್ಷಗಳಿಂದ ನನಗೂ ಹೀಗೇ ಆಗುತ್ತಿದೆ. ಎಂಟು ಗಂಟೆ ಮಲಗಿ ಎದ್ದರೂ ಮೈ ಭಾರ. ಮಹಡಿಯ ತರಗತಿಗೆ ಹೋಗುವಾಗ ಅರ್ಧ ಮೆಟ್ಟಿಲಿನಲ್ಲಿ ಕಂಬಿ ಹಿಡಿದು ನಿಲ್ಲುತ್ತೇನೆ. ಎಲ್ಲರೂ ಫ್ಯಾನು ಹಾಕಿ ಎನ್ನುವಾಗ ನಾನು ಸೆರಗು ಹೊದ್ದುಕೊಳ್ಳುತ್ತೇನೆ. ಬಾಚಣಿಗೆಯ ತುಂಬ ಕೂದಲು. ಇದನ್ನೆಲ್ಲ ಗಮನಿಸಿದ ಸಹೋದ್ಯೋಗಿಯೊಬ್ಬರು, 'ಮೇಡಂ, ಥೈರಾಯ್ಡ್ ಇರಬಹುದು, ಒಮ್ಮೆ ರಕ್ತಪರೀಕ್ಷೆ ಮಾಡಿಸಿ' ಎಂದರು. ಆ ಮಾತಿಗೆ ಹೆದರಿಕೆ ಆಗಬೇಕಿತ್ತು, ಆದದ್ದು ಸಮಾಧಾನ. ಕಾಯಿಲೆಯೇ ಇರಲಿ ಎಂದು ಮನಸ್ಸು ಹಾರೈಸಿತಲ್ಲ, ಏಕೆ?

ಥೈರಾಯ್ಡ್ ಎಂದರೆ ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಪುಟ್ಟ ಗ್ರಂಥಿ. ಊಟದ ಅಯೋಡಿನ್ ಬಳಸಿ ಅದು ತಯಾರಿಸುವ ಹಾರ್ಮೋನು ಇಡೀ ಶರೀರದ ಕೆಲಸದ ವೇಗವನ್ನು ನಿರ್ಧರಿಸುತ್ತದೆ. ಅದು ಕಡಿಮೆಯಾದರೆ ಆಯಾಸ, ಚಳಿ, ಮಲಬದ್ಧತೆ, ಒಣಚರ್ಮ, ತೂಕ ಏರುವುದು. ಆಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ, ಕೆಲಸ ಮಾಡದವರಿಗೆ ಹೆಡ್‌ಮಿಸ್ ಮೆಮೊ ಮೇಲೆ ಮೆಮೊ ಕಳಿಸಿದಂತೆ, ಟಿ.ಎಸ್.ಎಚ್. ಎಂಬ ಇನ್ನೊಂದು ಹಾರ್ಮೋನನ್ನು ಹೆಚ್ಚು ಹೆಚ್ಚಾಗಿ ಕಳಿಸುತ್ತದೆ. ರಕ್ತಪರೀಕ್ಷೆಯಲ್ಲಿ ಮೊದಲು ನೋಡುವುದು ಇದನ್ನೇ. ಗಂಡಸರಿಗಿಂತ ಹೆಂಗಸರಲ್ಲಿ ಈ ತೊಂದರೆ ಹೆಚ್ಚು. ಪತ್ತೆಯಾದರೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗುವ ಸಣ್ಣದೊಂದು ಮಾತ್ರೆ, ಹೆಚ್ಚಿನವರಿಗೆ ಜೀವನಪರ್ಯಂತ.

ಲಂಡನ್ನಿನ ವೈದ್ಯ ವಿಲಿಯಂ ಗಲ್ 1873ರಲ್ಲಿ ಐವರು ಹೆಂಗಸರ ಇಂಥ ಸ್ಥಿತಿಯನ್ನು ವಿವರಿಸಿ ಬರೆದ. 1891ರಲ್ಲಿ ಜಾರ್ಜ್ ಮರ್ರೆ ಎಂಬ ವೈದ್ಯ ಕುರಿಯ ಥೈರಾಯ್ಡಿನ ಸಾರವನ್ನು 46 ವರ್ಷದ ಹೆಂಗಸೊಬ್ಬಳಿಗೆ ಚುಚ್ಚಿದ. ಆಕೆ ಚೇತರಿಸಿಕೊಂಡು ಮತ್ತೆ 28 ವರ್ಷ ಬದುಕಿದಳು. ನನ್ನನ್ನು ಕಾಡುವುದು ಈ ಇಸವಿಗಳ ಹಿಂದಿನ ಕಾಲ. ಕಾಯಿಲೆಗೆ ಹೆಸರಿಡುವ ಮೊದಲೂ ಅಂಥ ಹೆಂಗಸರು ಇದ್ದೇ ಇದ್ದರಲ್ಲ! ಅವರ ದಣಿವು 1873ರಲ್ಲಿ ನಿಜವಾದದ್ದಲ್ಲ. ನಿಜವೇ ಆಗಿತ್ತು, ನಂಬಲು ಇತರರಿಗೆ ಒಂದು ಹೆಸರು ಬೇಕಾಗಿತ್ತು, ಅಷ್ಟೆ.

ಮನಸ್ಸಿನ ಹಾರೈಕೆಯ ಗುಟ್ಟು ಇಲ್ಲಿದೆ. ಹೆಂಗಸಿಗೆ ವಿಶ್ರಾಂತಿ ಹಕ್ಕಲ್ಲ, ರಜಾ ಚೀಟಿ. ಅದಕ್ಕೆ ವೈದ್ಯರ ಸಹಿ ಬೇಕು. ಸಹಿಯಿಲ್ಲದೆ ಮಲಗಿದವಳು ಸೋಮಾರಿ, ಸಹಿ ಸಿಕ್ಕವಳು ರೋಗಿ. ಈ ಎರಡರ ನಡುವೆ, ಬರೀ ದಣಿದ ಮನುಷ್ಯಳಿಗೆ ಜಾಗವೇ ಇಲ್ಲ.

ಹಾಗೆಂದು ಪರೀಕ್ಷೆ ಬೇಡವೆನ್ನುತ್ತಿಲ್ಲ. ಸಹಿಸಿಕೊಳ್ಳುವುದೇ ಗುಣವೆಂದು ಕೂತರೆ, ವಾಸಿಯಾಗುವ ಕಾಯಿಲೆಯೂ ಗುಣದ ವೇಷದಲ್ಲಿ ಬೆಳೆಯುತ್ತದೆ. ಥೈರಾಯ್ಡ್ ಅಲ್ಲದಿದ್ದರೆ ರಕ್ತಹೀನತೆ ಇರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 57ರಷ್ಟು ಮಂದಿಗೆ ಅದಿದೆ. ಸಕ್ಕರೆ ಕಾಯಿಲೆ ಇರಬಹುದು, ಮನಸ್ಸಿನ ಕುಗ್ಗುವಿಕೆಯೂ ಇರಬಹುದು. ತಿಳಿದುಕೊಳ್ಳುವುದು ನಮಗೆ ನಾವು ಸಲ್ಲಿಸಬೇಕಾದ ಕರ್ತವ್ಯ.

ಆದರೆ ವರದಿಯಲ್ಲಿ ಎಲ್ಲವೂ ಸರಿಯಿದೆ ಎಂದು ಬಂದರೆ? ಬೆಳಗಿನ ಜಾವ ಎದ್ದು ಡಬ್ಬಿ ಕಟ್ಟಿ, ದಿನವಿಡೀ ನಿಂತು ಪಾಠ ಹೇಳಿ, ರಾತ್ರಿ ನೋಟ್‌ಬುಕ್ ತಿದ್ದುವವಳಿಗೆ ದಣಿಯಲು ಕಾಯಿಲೆಯೇ ಆಗಬೇಕೆಂದಿಲ್ಲ. ಹಿಂದಿನ ಬೆಂಚಿನಲ್ಲಿ ತೂಕಡಿಸುವ ಹುಡುಗಿಯನ್ನೂ ಬೈಯುವ ಮೊದಲು, 'ಎಷ್ಟು ಗಂಟೆಗೆ ಎದ್ದೆ, ಏನು ತಿಂದೆ?' ಎಂದು ಕೇಳಬೇಕು. ಸೊಸೆ 'ಸುಸ್ತು' ಎಂದಾಗ ಅತ್ತೆ, ಅತ್ತೆ ಎಂದಾಗ ಸೊಸೆ, ಮೊದಲು ನಂಬಬೇಕು. ಪರೀಕ್ಷೆ ಆಮೇಲೆ.

ಬರುವ ಸೋಮವಾರ ರಕ್ತ ಕೊಡಲು ಹೋಗುತ್ತೇನೆ. ಸಂಜೆ ಶಾಲೆಯಿಂದ ಬಂದು ಅರ್ಧ ಗಂಟೆ ಮಲಗುವುದನ್ನು ಮಾತ್ರ ವರದಿಗೆ ಕಾಯದೆ ಈಗಲೇ ಆರಂಭಿಸಿದ್ದೇನೆ.