ಅತಿಥಿಯೋ, ಕಳೆಯೋ?

ನಮ್ಮ ಭಾವಮೈದ ಕಂಪನಿಯ ಕೆಲಸದ ಮೇಲೆ ಆರು ತಿಂಗಳ ಮಟ್ಟಿಗೆ ಹೊರದೇಶಕ್ಕೆ ಹೊರಟಾಗ, ಠಾಣೆಯ ಮನೆಯಲ್ಲಿದ್ದ ತನ್ನ ಇನ್ನೂರು ಲೀಟರಿನ ಉಪ್ಪುನೀರಿನ ತೊಟ್ಟಿಯನ್ನು ನಮಗೆ ಒಪ್ಪಿಸಿದ. "ಭಾವ, ನೀವು ಬಿ.ಎಸ್‌ಸಿ. ಮಾಡಿದವರು, ನಿಮಗೆ ಹೇಳಿಕೊಡಬೇಕೆ?" ಎಂದ. ಅಂದು ಓದಿದ ಪ್ರಾಣಿಶಾಸ್ತ್ರವೆಲ್ಲ ಕಚೇರಿಯ ಕಡತಗಳ ಅಡಿಯಲ್ಲಿ ಎಂದೋ ಹುದುಗಿಹೋಗಿದೆ ಎನ್ನಲು ಸಂಕೋಚವಾಗಿ ಒಪ್ಪಿಕೊಂಡೆವು.

ತೊಟ್ಟಿಯಲ್ಲಿ ಎರಡು ಕ್ಲೌನ್ ಮೀನು, ಬಂಡೆಗಳ ಮೇಲೆ ಕೆಲವು ಮೃದುಹವಳಗಳು. ದಿಬ್ಬ ಕಟ್ಟುವ ಗಟ್ಟಿಹವಳಗಳನ್ನು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಿದ್ದಾರಾದ್ದರಿಂದ ಅವನು ಅವುಗಳ ಗೊಡವೆಗೆ ಹೋಗಿರಲಿಲ್ಲ. ನಡುವೆ ತೊಗಲಿನಂತೆ ದಪ್ಪನಾದ ಒಂದು ಲೆದರ್ ಹವಳ. ಮೂಲೆಯಲ್ಲಿ ಅಂಗೈಯಷ್ಟು ಕ್ಸೀನಿಯಾ.

ಈ ಕ್ಸೀನಿಯಾವನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ಒಂದೊಂದು ತೊಟ್ಟಿಗೂ ಗರಿಯಂಥ ಎಂಟೆಂಟು ಬೆರಳು. ಮಗುವಿನ ಮುಷ್ಟಿಯ ಹಾಗೆ ಅವು ಮುಚ್ಚುತ್ತವೆ, ತೆರೆಯುತ್ತವೆ, ಹಗಲಿರುಳೂ. ಇದರ ನಂಟನಾದ ಇನ್ನೊಂದು ಹವಳವನ್ನು ಕೆಂಪು ಸಮುದ್ರದಲ್ಲಿ ಪರೀಕ್ಷಿಸಿದ ವಿಜ್ಞಾನಿಗಳು 2013ರಲ್ಲಿ ಕಾರಣ ತಿಳಿಸಿದರು: ಈ ಮಿಡಿತದಿಂದ ಸುತ್ತಲಿನ ನೀರು ಕದಡಿ, ಮೈಯೊಳಗಿನ ಪಾಚಿ ತಯಾರಿಸಿದ ಆಮ್ಲಜನಕ ಹೊರಗೆ ಹೋಗುತ್ತದೆ; ಪಾಚಿಯ ಅಡುಗೆ ಇನ್ನಷ್ಟು ಚೆನ್ನಾಗಿ ನಡೆಯುತ್ತದೆ. ಕಚೇರಿಯಿಂದ ದಣಿದು ಬಂದು ಅದರ ಮುಂದೆ ಕುಳಿತರೆ ಕಾಫಿಯ ನೆನಪೂ ಆಗುತ್ತಿರಲಿಲ್ಲ.

ಮೂರು ತಿಂಗಳಲ್ಲಿ ಅಂಗೈ ಮೊರವಾಯಿತು. ಬಂಡೆಯಿಂದ ಬಂಡೆಗೆ ಹಬ್ಬಿ ಲೆದರ್ ಹವಳದ ಬುಡ ಮುಟ್ಟಿತು. ನೆರಳಿಗೆ ಸಿಕ್ಕ ಲೆದರ್ ಮುದುಡಿ ಕುಳಿತಿತು. ಫೋನಿನಲ್ಲಿ ಹೇಳಿದರೆ ಭಾವಮೈದ, "ಕಿತ್ತುಹಾಕಿ ಭಾವ, ಅದು ಕಳೆ" ಎಂದ.

ಕೈ ಮಾತ್ರ ಏಳಲಿಲ್ಲ. ಊರಿನ ರಾಗಿ ಹೊಲದಲ್ಲಿ ಚಿಕ್ಕಂದಿನಲ್ಲಿ ನಾವು ಎಷ್ಟು ಕಳೆ ಕಿತ್ತಿಲ್ಲ! ಬೇಲಿಯ ಕಾಂಗ್ರೆಸ್ ಗಿಡವನ್ನು ಬುಡಸಮೇತ ಕಿತ್ತು ಸುಟ್ಟದ್ದಿದೆ. ಒಂದು ದಿನವೂ ನಿದ್ದೆ ಕೆಟ್ಟಿಲ್ಲ. ಆದರೆ ಅದು ಕರೆಯದೆ ಬಂದದ್ದು. ಇದನ್ನು ಹಣ ಕೊಟ್ಟು ತಂದು, ದೀಪ ಹಚ್ಚಿ, ಬೆಚ್ಚಗಿನ ನೀರಿಟ್ಟು ಸಾಕಿದ್ದೇವೆ. ನಮ್ಮಾಕೆ ಅಂದಳು: "ಊಟಕ್ಕೆ ಕರೆದು, ಜಾಸ್ತಿ ಉಂಡ ಅಂತ ಹೊಡೆದ ಹಾಗಾಯಿತು." ಗ್ರೀಕ್ ಭಾಷೆಯಲ್ಲಿ ಕ್ಸೀನಿಯಾ ಎಂದರೆ ಅತಿಥಿಸತ್ಕಾರವೆಂದೇ ಅರ್ಥ. ಅದನ್ನು ನಾವು ಅವಳಿಗೆ ಹೇಳಲಿಲ್ಲ.

ಇದಕ್ಕೆ ಮಿದುಳಿಲ್ಲ, ನರಗಳ ಒಂದು ಬಲೆ ಮಾತ್ರ ಇದೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ನಮ್ಮ ಹಿಂಜರಿಕೆ ಅದರ ನೋವಿನ ಲೆಕ್ಕದ ಮೇಲೆ ನಿಂತಿರಲಿಲ್ಲ. ಅದು ಮಾಡಿದ ಅಪರಾಧವಾದರೂ ಏನು, ಚೆನ್ನಾಗಿ ಬೆಳೆದದ್ದೆ? ಹೊಟ್ಟೆಪಾಡಿಗಾಗಿ ಪರಊರಿಗೆ ಬಂದ ನಮ್ಮಂಥವರಿಗೆ "ಹೊರಗಿನವರು ಹಬ್ಬಿಕೊಂಡರು" ಎಂಬ ಮಾತು ಕಿವಿಗೆ ಹಿತವಲ್ಲ. ಲೋಕಲ್ ಗಾಡಿಯಲ್ಲಿ ಅದನ್ನು ಕೇಳಿದವರೇ ನಾವು. ಆದರೂ ಈ ಹೋಲಿಕೆ ಬಹಳ ದೂರ ನಡೆಯದು. ಮನುಷ್ಯನೊಡನೆ ಮಾತಾಡಬಹುದು, ಪಾಲು ಮಾಡಿಕೊಳ್ಳಬಹುದು. ನಗರ ಯಾರೊಬ್ಬರ ಗಾಜಿನ ಪೆಟ್ಟಿಗೆಯೂ ಅಲ್ಲ.

ಸಮುದ್ರಕ್ಕೆ ಬಿಟ್ಟುಬಿಟ್ಟರೆ ಪಾಪ ತಟ್ಟದಲ್ಲ ಎಂಬ ಯೋಚನೆಯೂ ಬಂತು, ಕಡಲೇನೂ ದೂರವಿಲ್ಲ. ವೆನೆಜುವೆಲಾದ ಮೊಚಿಮಾ ರಾಷ್ಟ್ರೀಯ ಉದ್ಯಾನದ ಕತೆ ಓದಿದ ಮೇಲೆ ಅದನ್ನು ಕೈಬಿಟ್ಟೆವು. ಕ್ಸೀನಿಯಾದ ಬಳಗಕ್ಕೇ ಸೇರಿದ, ಹಿಂದೂ ಮಹಾಸಾಗರ-ಪೆಸಿಫಿಕ್ ಪ್ರದೇಶದ ಯುನೋಮಿಯಾ ಎಂಬ ಮೃದುಹವಳ ಅಲ್ಲಿನ ಹವಳದಿಬ್ಬಗಳನ್ನು ಹಾಸಿಗೆಯಂತೆ ಮುಚ್ಚಿದೆ. ಅಕ್ವೇರಿಯಂ ವ್ಯಾಪಾರದಿಂದಲೇ ಅದು ಅಲ್ಲಿಗೆ ಸೇರಿತೆಂದು ಸಂಶೋಧಕರು ಭಾವಿಸುತ್ತಾರೆ. ನಮ್ಮ ಕೈ ಶುಚಿಯಾಗಿರಲೆಂದು ಕಡಲಿನ ಜೀವಗಳ ಮೇಲೆ ಸಾಲ ಹೊರಿಸುವುದು ದಯೆಯೆನಿಸಲಿಲ್ಲ.

ಕೊನೆಗೆ ಹಳೆಯ ಬ್ಲೇಡು ಹಿಡಿದು ನೀರಿನಲ್ಲೇ ಕೆರೆದೆವು. ಶುದ್ಧ ಮೂರ್ಖತನ. ಚೂರುಗಳು ತೇಲಿಹೋಗಿ, ಕೆಲವೇ ವಾರಗಳಲ್ಲಿ ನಾಲ್ಕು ಹೊಸ ಜಾಗಗಳಲ್ಲಿ ಮುಷ್ಟಿ ತೆರೆದವು. ಆಮೇಲೆ ಕಲಿತೆವು: ಬಂಡೆಯನ್ನೇ ಹೊರತೆಗೆದು ಬುಡಸಹಿತ ಸುಲಿಯಬೇಕು. ತೆಗೆಯಲಾಗದ ಕಡೆ ಪಂಪು ನಿಲ್ಲಿಸಿ, ಗಂಜಿಯಂತೆ ಕಲಸಿದ ಸುಣ್ಣವನ್ನು ಸಿರಿಂಜಿನಿಂದ ಸ್ವಲ್ಪಸ್ವಲ್ಪವೇ ಹಾಕಬೇಕು. ಒಮ್ಮೆಗೇ ಸುರಿದರೆ ನೀರಿನ ಕ್ಷಾರ ಏರಿ ಮೀನಿಗೂ ಆಪತ್ತು. ಸತ್ತದ್ದು ಕೊಳೆತು ವಿಷವಾಗದಂತೆ ನೀರು ಬದಲಿಸಿ, ಇದ್ದಿಲಿನ ಚೀಲ ಇಡಬೇಕು. ಉಳಿಸಿಕೊಳ್ಳುವ ಆಸೆಯಿದ್ದರೆ ಮರಳಿನ ನಡುವೆ ಒಂಟಿ ಕಲ್ಲಿನ ಮೇಲೆ, ದ್ವೀಪದಂತೆ.

ಸುಣ್ಣ ಬಿದ್ದ ಕಡೆ ಮಿಡಿತ ನಿಂತದ್ದನ್ನು ನೋಡಿದೆವು. ಕೊಲ್ಲದಿದ್ದರೆ ಅಹಿಂಸೆಯಾಗುತ್ತಿತ್ತೇ? ಇಲ್ಲ, ಲೆದರ್ ಹವಳ ಸಾಯುತ್ತಿತ್ತು, ಅದೂ ನಮ್ಮ ಕೈಯಲ್ಲೇ. ಕಡಲಿನಲ್ಲಿ ಅಲೆಯಿದೆ, ಮೇಯುವ ಬಾಯಿಗಳಿವೆ, ಬೇಕಾದಷ್ಟು ಜಾಗವಿದೆ. ಆ ತೀರ್ಮಾನಗಳನ್ನೆಲ್ಲ ಅಲ್ಲಿಂದ ಕಿತ್ತುಕೊಂಡು ನಾಲ್ಕು ಗಾಜಿನ ಗೋಡೆಯೊಳಗೆ ಒಬ್ಬನ ಕೈಗೆ ಕೊಟ್ಟದ್ದು ಸುಣ್ಣ ಕಲಸಿದ ದಿನವಲ್ಲ, ಅಂಗಡಿಯಲ್ಲಿ ದುಡ್ಡು ಎಣಿಸಿದ ದಿನ. ಆ ದಿನ ಯಾರೂ ಧರ್ಮಾಧರ್ಮ ಕೇಳಲಿಲ್ಲ. ಅಲ್ಲಿದ್ದರೆ ನಾವೂ ಕೇಳುತ್ತಿರಲಿಲ್ಲವೆನ್ನಿ.

ಒಂದು ಕಲ್ಲಿನಷ್ಟು ಕ್ಸೀನಿಯಾವನ್ನು ಮರಳಿನ ನಡುವೆ ಉಳಿಸಿದ್ದೇವೆ. ಭಾನುವಾರ ಅಂಚು ಕತ್ತರಿಸುವುದು ನಮ್ಮ ಕೆಲಸ. ಲೆದರ್ ಹವಳ ಮತ್ತೆ ಅರಳುತ್ತಿದೆ. ಪಕ್ಕದ ಮನೆಯ ಹುಡುಗ ಹೊಸದಾಗಿ ತೊಟ್ಟಿ ಇಟ್ಟಿದ್ದಾನೆ. ಕತ್ತರಿಸಿದ ತುಂಡನ್ನು ಎಸೆಯುವ ಬದಲು ತನಗೆ ಕೊಡಿ, ಅಂಕಲ್ ಎಂದು ಎರಡು ಸಲ ಕೇಳಿದ. ಇನ್ನೂ ಉತ್ತರ ಕೊಟ್ಟಿಲ್ಲ.