ಬಣ್ಣದ ಸ್ವೆಟರಿನ ಒಳಮೈ

ಒಂದು ಬಟ್ಟೆಯಲ್ಲಿ ನೀಲಿಯೂ ಹಳದಿಯೂ ಬೇರೆಬೇರೆ ಭಾಗಗಳಲ್ಲಿದ್ದರೆ ಆ ಬಟ್ಟೆಯ ಬಣ್ಣ ಯಾವುದು? ಮಕ್ಕಳ ಪ್ರಶ್ನೆಯಂತೆ ತೋರುವ ಇದನ್ನು ನಮ್ಮ ತಾರ್ಕಿಕರು ಶತಮಾನಗಳ ಕಾಲ ವಿಚಾರಮಾಡಿದರು. ಅವರ ಸಂಕಟ ಹೀಗೆ: ರೂಪವೆಂಬ ಗುಣವು ತಾನಿರುವ ವಸ್ತುವನ್ನು ಪೂರ್ತಿಯಾಗಿ ವ್ಯಾಪಿಸಿರತಕ್ಕದ್ದು. ಬಟ್ಟೆಯೋ, ಬರಿಯ ನೂಲುಗಳ ರಾಶಿಯಲ್ಲ; ನೂಲುಗಳಲ್ಲಿ ಸಮವಾಯದಿಂದ ನೆಲೆಸಿರುವ ಬೇರೊಂದು ವಸ್ತು, ಅವಯವಿ. ಆ ಒಂದು ವಸ್ತುವನ್ನು ನೀಲಿಯೂ ಪೂರ್ತಿ ವ್ಯಾಪಿಸಲಾರದು, ಹಳದಿಯೂ ವ್ಯಾಪಿಸಲಾರದು. ಬಣ್ಣವೇ ಇಲ್ಲವೆಂದರೆ ಬಟ್ಟೆ ಕಣ್ಣಿಗೆ ಬೀಳಬಾರದಾಗಿತ್ತು, ಬೀಳುತ್ತದೆ. ಆದಕಾರಣ 'ಚಿತ್ರ'ವೆಂಬ ಬೇರೆಯದೇ ಒಂದು ಬಣ್ಣ ಉಂಟೆಂದು ಒಪ್ಪಿದರು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ಪಾಠಶಾಲೆಯ ಹುಡುಗರಿಗೆಲ್ಲ, ಬಿಳುಪು ನೀಲಿ ಮೊದಲಾದ ಆರರ ತರುವಾಯ ಏಳನೆಯದಾಗಿ ಈ ಚಿತ್ರ ಬರುವುದು ಗೊತ್ತು. ನವದ್ವೀಪದ ರಘುನಾಥ ಶಿರೋಮಣಿ ಮಾತ್ರ ಇದಕ್ಕೆ ಒಪ್ಪಲಿಲ್ಲ. ಬಣ್ಣವು ವಸ್ತುವಿನ ಒಂದೆಡೆಯಲ್ಲಿದ್ದು ಇನ್ನೊಂದೆಡೆಯಲ್ಲಿ ಇಲ್ಲದಿರಬಹುದು, ಅದಕ್ಕಾಗಿ ಏಳನೆಯದೊಂದನ್ನು ಕಲ್ಪಿಸಬೇಕಿಲ್ಲ ಎಂಬುದು ಆತನ ಪಕ್ಷ.

ವಾದ ಸೊಗಸಾದದ್ದು. ಆದರೆ ಅದರಲ್ಲಿ ಬರುವ ಬಟ್ಟೆ ಯಾವಾಗಲೂ ಮುಗಿದ ಬಟ್ಟೆ. ಮುಂಮೈ ಮೇಲಾಗಿ ಹಾಸಿಟ್ಟ ಬಟ್ಟೆ. ಅದನ್ನು ಮಗುಚಿ ನೋಡುವ ಪ್ರಸಂಗ ಆ ವಾದದಲ್ಲಿ ಬರುವುದಿಲ್ಲ. ಬಹುವರ್ಣದ ಸ್ವೆಟರನ್ನು ಕ್ರೋಶಾ ಕಡ್ಡಿಯಿಂದ ಹೆಣೆಯುವವಳಿಗೆ ಈ ಪ್ರಶ್ನೆ ಒಳಮೈಯಿಂದಲೇ ಮೊದಲಾಗುತ್ತದೆ.

ಕ್ರೋಶಾ ಎಂಬುದು ಫ್ರೆಂಚ್ ಮಾತು, ಸಣ್ಣ ಕೊಕ್ಕೆಯೆಂದರ್ಥ. ಮಗ್ಗದ ಬಟ್ಟೆಗೆ ಹಾಸು ಹೊಕ್ಕುಗಳೆಂದು ನೂರಾರು ಎಳೆಗಳು ಬೇಕು. ಇಲ್ಲಿ ಒಂದು ಕೊಕ್ಕೆ, ಒಂದು ಎಳೆ. ಎಳೆಯ ಕುಣಿಕೆಯೊಳಗಿಂದ ಅದೇ ಎಳೆಯ ಇನ್ನೊಂದು ಕುಣಿಕೆಯನ್ನು ಸೆಳೆಯುತ್ತ ಹೋದರೆ ಬಟ್ಟೆ. ಎಷ್ಟು ಅಗಲ ಬೆಳೆದರೂ ಕಡ್ಡಿಯ ಮೇಲೆ ಬಿಡಿಯಾಗಿ ಉಳಿಯುವುದು ಸಾಮಾನ್ಯವಾಗಿ ಒಂದೇ ಕುಣಿಕೆ. ತುದಿಯನ್ನು ಭದ್ರಪಡಿಸದೆ ಎಳೆದರೆ ಸಾಲು ಸಾಲಾಗಿ ಬಿಚ್ಚಿಕೊಂಡು ಮತ್ತೆ ನೂಲೇ ಕೈಗೆ ಬರುತ್ತದೆ. ಬಣ್ಣಬಣ್ಣದ ಆಕೃತಿಗಳನ್ನು ಕೂಡಿಸುವ ಕ್ರಮಕ್ಕೆ ಇಂಟಾರ್ಸಿಯಾ ಎಂದು ಹೆಸರು. ಇದು ಇಟಲಿಯ ಮರಗೆಲಸದವರ ಮಾತು. ಮೈಸೂರಿನ ಕುಶಲಿಗಳು ಬೀಟೆಮರದ ಹಲಗೆಯಲ್ಲಿ ಬೇರೆ ಬಣ್ಣದ ಮರದ ತುಣುಕುಗಳನ್ನು ಕೂರಿಸಿ ಚಿತ್ರ ಬಿಡಿಸುವರಲ್ಲ, ಆ ಜಾತಿಯ ಕೆಲಸವನ್ನು ಅವರು ಹಾಗೆ ಕರೆದರು. ಹೆಸರು ಮರದಿಂದ ಉಣ್ಣೆಗೆ ಬಂತು.

ಇದರ ನಿಯಮ, ಪ್ರತಿಯೊಂದು ಬಣ್ಣದ ತುಂಡಿಗೂ ಅದರದೇ ಉಂಡೆಯಿರಬೇಕು ಎಂಬುದು. ನೀಲಿ ಮೈಯ ನಡುವೆ ಒಂದು ಹಳದಿ ಹೂವಿದ್ದರೆ ಉಂಡೆಗಳು ಮೂರು: ಹೂವಿಗೆ ಹಳದಿ, ಅದರ ಎಡಕ್ಕೊಂದು ನೀಲಿ, ಬಲಕ್ಕೊಂದು ನೀಲಿ. ಚೌಕಳಿ ಕಾಗದದ ಮೇಲೆ ಬರೆದ ನಕ್ಷೆಯನ್ನು ಒಂದು ಸಾಲು ಬಲದಿಂದ ಎಡಕ್ಕೂ, ಮರುಸಾಲು ಎಡದಿಂದ ಬಲಕ್ಕೂ ಓದಬೇಕು. ನೀಲಿ ಮುಗಿಯುವ ಕಡೆಯ ಹೆಣಿಗೆಯ ಕೊನೆಯ ಸೆಳೆತವನ್ನು ನೀಲಿಯಿಂದ ಮಾಡದೆ ಹಳದಿಯಿಂದ ಮಾಡಬೇಕು. ಹಾಗೆ ಮಾಡಿದರೆ ಗಡಿ ನೆಟ್ಟಗಿರುತ್ತದೆ; ಮರೆತರೆ ಹೂವಿನ ಅಂಚಿನಲ್ಲಿ ನೀಲಿಯ ಕಲೆ. ಬಿಟ್ಟ ನೀಲಿ ಎಳೆ ಅಲ್ಲಿಯೇ ಹಿಂದುಗಡೆ ತೂಗಿಕೊಂಡು, ಮುಂದಿನ ಸಾಲು ಮರಳಿ ಬರುವವರೆಗೂ ಕಾದಿರುತ್ತದೆ. ಈ ಕಾಯುವಿಕೆಗಾಗಿಯೇ ಇದನ್ನು ಸುತ್ತುಸುತ್ತಾಗಿ ಹೆಣೆಯದೆ ಹೋಗಿ ಬರುವ ಸಾಲುಗಳಾಗಿ ಹೆಣೆಯುವುದು. ಒಂದೇ ದಿಕ್ಕಿಗೆ ಸುತ್ತಿದರೆ ಎಳೆ ಬೇಕಾದ ಕಡೆಯಲ್ಲಿರುವುದಿಲ್ಲ. ಬೇಡದ ಎಳೆಯನ್ನು ಹೆಣಿಗೆಯೊಳಗೇ ಹುದುಗಿಸಿಕೊಂಡು ಹೋಗುವ ಇನ್ನೊಂದು ಕ್ರಮವೂ ಉಂಟು. ಅದರಲ್ಲಿ ಬಟ್ಟೆ ದಪ್ಪನಾಗುತ್ತದೆ, ಹುದುಗಿದ ಬಣ್ಣ ಇಣುಕುವುದೂ ಉಂಟು.

ಇನ್ನು ತುದಿಗಳ ಲೆಕ್ಕ. ಆ ಒಂದು ಹೂವಿಗೆ ಹಳದಿಯ ಎರಡು ತುದಿ, ಎರಡನೆಯ ನೀಲಿಯ ಎರಡು ತುದಿ, ಒಟ್ಟು ನಾಲ್ಕು. ದೂರದೂರ ಹತ್ತು ಹೂಗಳಿದ್ದರೆ ನಲವತ್ತು. ಹೆಣಿಗೆ ಮುಗಿಯಿತೆಂದು ಮನೆಯವರು ಮೆಚ್ಚಿಕೊಳ್ಳುವ ಹೊತ್ತಿಗೆ ಹೆಣೆದವಳಿಗೆ ಅರ್ಧ ಬೇಸರದ ಕೆಲಸ ಉಳಿದಿರುತ್ತದೆ. ಒಂದೊಂದು ತುದಿಯನ್ನೂ ಮೊಂಡುಮೂತಿಯ ದಪ್ಪ ಸೂಜಿಗೆ ಪೋಣಿಸಿ, ಅದದೇ ಬಣ್ಣದ ಹೆಣಿಗೆಗಳ ಒಳಗೆ ಒಂದು ಕಡೆಗೆ ಓಡಿಸಿ, ಮತ್ತೆ ಹಿಂದಿರುಗಿಸಿ ಅಡಗಿಸಬೇಕು. ಇಲ್ಲವೇ ಎರಡು ತುದಿಗಳನ್ನು ಗಂಟು ಹಾಕಿ ಕತ್ತರಿಸಿಬಿಡಬಹುದು. ಅದಕ್ಕೆ ಕ್ಷಣ ಸಾಕು. ಎದುರಿನಿಂದ ನೋಡಿದರೆ ಎರಡಕ್ಕೂ ಭೇದವಿಲ್ಲ.

ಧಾರವಾಡದ ಕಡೆಯ ಕಸೂತಿಯಲ್ಲಿ ಈ ಆಯ್ಕೆಗೇ ಎಡೆಯಿಲ್ಲ. ಗವಂತಿ, ಮುರ್ಗಿಗಳಲ್ಲಿ ಗಂಟು ನಿಷಿದ್ಧ. ಎರಡು ಮೈಗಳೂ ಒಂದೇ ತೆರ. ಅಲ್ಲಿ ಕಲೆಯೇ ಕಟ್ಟು ಹಾಕಿದೆ. ಸ್ವೆಟರಿಗೆ ಅಂಥ ಕಟ್ಟಿಲ್ಲ; ಅದರ ಒಳಮೈ ಚೆಲುವಾಗಿರಬೇಕೆಂದು ಯಾರೂ ಕೇಳರು. ಭದ್ರವಾಗಿರಬೇಕು, ಅಷ್ಟೆ. ಆದುದರಿಂದ ನಿಜವಾದ ನೀತಿಪ್ರಶ್ನೆ ಏಳುವುದು ಕಸೂತಿಯಲ್ಲಲ್ಲ, ಇಲ್ಲಿ. ಕಾಣದ ಕಡೆಯ ಕೆಲಸವನ್ನು ಚೆನ್ನಾಗಿ ಮಾಡಬೇಕಾದದ್ದು ಏಕೆ?

ಪೂರ್ವಪಕ್ಷಿಯ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಗುಣವೆಂಬುದು ಕಾಣುವವರಿಗಾಗಿ; ಕಾಣದ ಗುಣಕ್ಕೆ ಬೆಲೆಯನ್ನು ಕಟ್ಟುವವರಾರು ಎಂದು ಅವನ ವಾದ. ಇದಕ್ಕೆ ಸುಲಭವಾದ ಉತ್ತರವನ್ನು ಮೊದಲ ಒಗೆತವೇ ಕೊಡುತ್ತದೆ. ಗಂಟು ಸಡಿಲಿ ಗಡಿಯಲ್ಲಿ ತೂತು ಬೀಳುತ್ತದೆ. ಬೀಳದಿದ್ದರೂ ಮಗುವಿನ ಎಳೆಯ ಮೈಗೆ ಒತ್ತುತ್ತದೆ. ಒಳಮೈಯನ್ನು ಕಣ್ಣು ಕಾಣದು, ಚರ್ಮ ಕಾಣುತ್ತದೆ. ಇಷ್ಟಕ್ಕೆ ಶಾಸ್ತ್ರ ಬೇಕಾಗಿಲ್ಲ.

ಕಷ್ಟವಾದ ಪ್ರಶ್ನೆ ಇದರಾಚೆಗಿದೆ. ತನ್ನ ಮಗುವಿಗೆ ಹೆಣೆಯುವ ತಾಯಿ ತುದಿಗಳನ್ನು ಅಡಗಿಸಿಯಾಳು. ಕೂಲಿಗೆ ಹೆಣೆಯುವವಳಿಂದ ಅದನ್ನು ಕೇಳುವ ಹಕ್ಕು ಯಾರಿಗೆ, ಎಷ್ಟರ ಮಟ್ಟಿಗೆ? ನಿಟ್ಟಿಂಗನ್ನು ಯಂತ್ರ ಎಂದೋ ಕಲಿತುಕೊಂಡಿತು. ನಿಜವಾದ ಕ್ರೋಶಾ ಹೆಣಿಗೆಯನ್ನು ಮಾಡುವ ಯಂತ್ರ ಮಾತ್ರ ಇಂದಿಗೂ ಬಳಕೆಗೆ ಬಂದಿಲ್ಲ. ಆ ಹೆಸರಿನಿಂದ ಕರೆಯುವ ಯಂತ್ರಗಳು ಮಾಡುವುದು ಅದರ ಹೋಲಿಕೆಯನ್ನು. ಅಂಗಡಿಯಲ್ಲಿ ತೂಗುಹಾಕಿದ ಕ್ರೋಶಾ ಸ್ವೆಟರು ಅಸಲಿಯಾಗಿದ್ದರೆ ಅದನ್ನು ಕುಣಿಕೆ ಕುಣಿಕೆಯಾಗಿ ಯಾವಳೋ ಒಬ್ಬಳ, ಅಥವಾ ಒಬ್ಬನ, ಕೈ ಮಾಡಿದೆ. ಅದು ಅಗ್ಗವಾಗಿದ್ದರೆ, ಅಗ್ಗವಾದದ್ದು ಉಣ್ಣೆಯಲ್ಲ.

೧೮೪೫ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ ಮೊದಲಾದ ಐರ್ಲೆಂಡಿನ ಮಹಾಕ್ಷಾಮದಲ್ಲಿ ಸನ್ಯಾಸಿನಿಯರ ಮಠಗಳು ಬಡ ಹೆಂಗಸರಿಗೆ ಈ ಕೊಕ್ಕೆಯ ಕೆಲಸವನ್ನು ಕಲಿಸಿದವು; ಎಷ್ಟೋ ಸಂಸಾರಗಳು ಅದರಿಂದ ಗಂಜಿ ಕಂಡವು. ನಮ್ಮ ನೆರೆಯ ಗೋದಾವರಿ ಸೀಮೆಯ ನರಸಾಪುರಕ್ಕೂ ಲೇಸಿನ ಕಲೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಪಾದ್ರಿಗಳ ಮೂಲಕ. ಮರಿಯಾ ಮೀಸ್ ಎಂಬ ಜರ್ಮನ್ ವಿದುಷಿ ಅಲ್ಲಿನ ಹೆಂಗಸರನ್ನು ಕುರಿತು ೧೯೮೨ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದಳು. ಅವರು ಹೆಣೆದದ್ದು ಸಮುದ್ರದಾಚೆಯ ಪೇಟೆಗೆ ಹೋಗುತ್ತಿತ್ತು. ಆದರೂ ಅವರು ಕೆಲಸಗಾರರೆನಿಸಲಿಲ್ಲ. ಮನೆಯಲ್ಲಿ ಕುಳಿತ ಗೃಹಿಣಿಯರು ಬಿಡುವಿನಲ್ಲಿ ಮಾಡುವ ಕೈಗೆಲಸವೆಂದು ಅದಕ್ಕೆ ಹೆಸರು. ಬಿಡುವು ಎಂಬ ಆ ಒಂದು ಮಾತು ಕೂಲಿಯನ್ನು ಎಷ್ಟು ಕೆಳಗಿಳಿಸಬಲ್ಲದೆಂಬುದು ಆ ಗ್ರಂಥದ ಮುಖ್ಯ ವಿಚಾರ.

ತಾರ್ಕಿಕರ ಲೆಕ್ಕದಲ್ಲಿಯೂ ಇಂಥದೊಂದು ಇಳಿಕೆ ಇದೆ. ಬಟ್ಟೆಗೆ ನೂಲು ಸಮವಾಯಿಕಾರಣ. ನೂಲುಗಳ ಸಂಯೋಗ ಅಸಮವಾಯಿಕಾರಣ. ನೇಯುವವನು ತುರಿ ವೇಮಗಳ ಜೊತೆಗೆ ನಿಮಿತ್ತಕಾರಣ. ನೂಲು ನಾಶವಾದರೆ ಬಟ್ಟೆ ನಾಶ, ಸಂಯೋಗ ಹೋದರೂ ನಾಶ. ನಿಮಿತ್ತ ಹೋದರೆ ಬಟ್ಟೆಗೆ ಏನೂ ಆಗದು. ಪದಾರ್ಥವಿಚಾರವಾಗಿ ಇದು ನಿರ್ದುಷ್ಟ. ಸಂತೆಯಲ್ಲಿ ಇದನ್ನೇ ಧರ್ಮವಿಚಾರವೆಂದು ಹಿಡಿದರೆ ಅನರ್ಥ. ಒಳಮೈಯಲ್ಲಿ ಅಡಗಿಸಿದ ನಲವತ್ತು ತುದಿಗಳು ನಿಮಿತ್ತದ ಗುಣವಲ್ಲವೆ? ಅವು ನಿಂತಿರುವಷ್ಟು ಕಾಲವೂ ಹೆಣೆದವಳ ತಾಳ್ಮೆ ಸಂಯೋಗದೊಳಗೆ ಸೇರಿಕೊಂಡೇ ಇದೆ.

ಫಲವನ್ನೆಣಿಸದೆ ಕರ್ಮವನ್ನು ಮಾಡೆಂಬ ಉಪದೇಶವನ್ನು ಈ ಸಂದರ್ಭದಲ್ಲಿ ಹೇಳುವವರು ಬಹು ಮಂದಿ. ಹೆಣೆಯುವವಳು ಅದನ್ನು ತನಗೆ ತಾನು ಹೇಳಿಕೊಂಡರೆ ಶೋಭೆ. ಸ್ವೆಟರನ್ನು ಮಗುಚಿ, ಗಂಟು ಕಂಡು, ಹತ್ತು ರೂಪಾಯಿ ಕಡಿಮೆಮಾಡೆಂದು ಚೌಕಾಸಿಗೆ ನಿಂತವನಿಗೆ ಅದನ್ನು ಬೋಧಿಸುವ ಅಧಿಕಾರವಿಲ್ಲ. ಅವನು ಕೊಡುವ ಹಣ ಮುಂಮೈಯ ಹೊತ್ತಿಗಷ್ಟೇ ಸಾಲುವಂತಿದ್ದರೆ ಒಳಮೈಯನ್ನು ದಾನವಾಗಿ ಬೇಡುತ್ತಿದ್ದಾನೆ. ಬೇಡುವವನ ಧ್ವನಿಯಲ್ಲಿ ಬೇಡಲಿ. ಹಾಗೆಂದು ಗಂಟು ಹಾಕಿ, ಅಡಗಿಸಿದ್ದೇನೆಂದು ಹೇಳಿ ಮಾರಿದರೆ ಅದು ಸುಳ್ಳೇ. ಕಡಿಮೆ ಕೂಲಿ ಗಂಟಿಗೆ ಸಮಾಧಾನವಾದೀತು, ಸುಳ್ಳಿಗೆ ಆಗದು. ಹಾಗೆಯೇ, ಒಳಮೈಯನ್ನು ನೋಡದೆ ಹೊಗಳುವ ಬಂಧುಗಳೂ ಆಕೆಗೆ ದೊಡ್ಡ ಉಪಕಾರವನ್ನೇನೂ ಮಾಡುವುದಿಲ್ಲ.

ಒಳಮೈಯನ್ನು ಪೂರ್ತಿಯಾಗಿ ನೋಡುವವಳು ಒಬ್ಬಳುಂಟು. ಮಗು ಬೆಳೆದು ಸ್ವೆಟರು ಬಿಗಿಯಾದಾಗ ಉಣ್ಣೆಯನ್ನು ಹಾಳುಮಾಡದೆ ತಮ್ಮನಿಗೋ ತಂಗಿಗೋ ಹೊಸದೊಂದನ್ನು ಹೆಣೆಯಲು ಹಳೆಯದನ್ನು ಬಿಚ್ಚುತ್ತಾರೆ. ಒಂದೆಳೆ ತೆಗೆದರೆ ಹಳೆಯ ಬಟ್ಟೆ ಅಳಿದು ಖಂಡಪಟವೆಂಬ ಬೇರೆ ಬಟ್ಟೆ ಹುಟ್ಟುತ್ತದೆಂದು ನೈಯಾಯಿಕರ ಮತ; ಆ ಲೆಕ್ಕದಲ್ಲಿ ಒಂದು ಮಧ್ಯಾಹ್ನಕ್ಕೆ ಎಷ್ಟು ಸ್ವೆಟರುಗಳು ಹುಟ್ಟಿ ಅಳಿಯುವುವೋ! ಬಿಚ್ಚಿದ ನೂಲು ಸುರುಳಿ ಸುರುಳಿಯಾಗಿರುತ್ತದೆ. ಲಡಿ ಮಾಡಿ ತೋಯಿಸಿ, ಭಾರ ಕಟ್ಟಿ ತೂಗುಹಾಕಿದರೆ ನೆಟ್ಟಗಾಗುತ್ತದೆ. ನೀಲಿ ಉದ್ದುದ್ದವಾಗಿ ದೊರೆಯುತ್ತದೆ, ಹೂವಿನ ಹಳದಿ ಮೊಳ ಮೊಳ ತುಂಡಾಗಿ ಬರುತ್ತದೆ. ಗಂಟು ಹಾಕಿದ್ದ ಸ್ವೆಟರು ಬೇಗ ಬಿಚ್ಚುತ್ತದೆ. ತುದಿಗಳನ್ನು ಚೆನ್ನಾಗಿ ಅಡಗಿಸಿದ್ದಾದರೆ ಬಿಚ್ಚುವವಳು ಅದನ್ನು ಕಿಟಕಿಯ ಬಳಿಗೆ ಒಯ್ದು, ಮಗುಚಿ, ಸೂಜಿಯ ಮೊನೆಯಿಂದ ಕೆದಕುತ್ತ, ಎಳೆ ಎಲ್ಲಿ ಮುಗಿಯಿತೆಂದು ಬಹಳ ಹೊತ್ತು ಹುಡುಕಬೇಕಾಗುತ್ತದೆ.