ಒಪ್ಪಿಸಿಕೊಳ್ಳುವ ಅಭ್ಯಾಸ

ಮನಸ್ಸನ್ನು ಹಿಡಿದು ನಿಲ್ಲಿಸುವುದು ಗಾಳಿಯನ್ನು ಹಿಡಿದು ನಿಲ್ಲಿಸಿದಷ್ಟೇ ಕಷ್ಟ ಎಂದು ಭಗವದ್ಗೀತೆಯ ಆರನೇ ಅಧ್ಯಾಯದಲ್ಲಿ ಅರ್ಜುನ ಕೈಚೆಲ್ಲುತ್ತಾನೆ. ಕೃಷ್ಣ ಅದನ್ನು ಅಲ್ಲಗಳೆಯುವುದಿಲ್ಲ. ಕಷ್ಟವೇ ಹೌದು, ಆದರೆ ಅಭ್ಯಾಸದಿಂದಲೂ ವೈರಾಗ್ಯದಿಂದಲೂ ಅದು ಸಾಧ್ಯ ಎನ್ನುತ್ತಾನೆ. ಅಭ್ಯಾಸಕ್ಕೆ ಹಟ ಬೇಕು, ವೈರಾಗ್ಯಕ್ಕೆ ಹಟ ಬಿಡಬೇಕು. ಎರಡೂ ಒಬ್ಬರಲ್ಲೇ ಕೂಡುವುದು ಹೇಗೆ? ಬಹಳ ಕಾಲ ನನ್ನನ್ನು ಕಾಡಿದ ಪ್ರಶ್ನೆ ಇದು. ಇದಕ್ಕೆ ಉತ್ತರ ನಮ್ಮೂರ ಕಡೆಯ ಮೈಲಾರದಲ್ಲಿ ಮೊದಲೇ ಇತ್ತು. ನಾನು ಅದನ್ನು ಕಂಡುಕೊಂಡದ್ದು ಮಾತ್ರ ಆಸ್ಟ್ರೇಲಿಯಾದ ಪರ್ತ್ ನಗರಕ್ಕೆ ಬಂದು ನೆಲೆಸಿದ ಮೇಲೆ, ಅಲ್ಲಿನ ಸ್ವಾನ್ ನದಿಯಲ್ಲಿ.

ಪರ್ತ್‌ನಲ್ಲಿ ಬೇಸಿಗೆಯ ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ಏಳುತ್ತದೆ. ಕಾದು ಕುದಿಯುವ ಊರನ್ನು ತಣಿಸುವ ಆ ಗಾಳಿಗೆ ಅಲ್ಲಿಯವರು ‘ಫ್ರೀಮ್ಯಾಂಟಲ್ ಡಾಕ್ಟರ್’ ಎಂದೇ ಹೆಸರಿಟ್ಟಿದ್ದಾರೆ. ಆ ಗಾಳಿಯಲ್ಲಿ ನಾನು ಹೈಡ್ರೋಫಾಯಿಲ್ ಹಲಗೆಯ ಮೇಲೆ ವಿಂಡ್‌ಸರ್ಫಿಂಗ್ ಕಲಿತೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ವಿಂಡ್‌ಸರ್ಫಿಂಗ್‌ನಲ್ಲಿ ಮೊದಲ ಸಲ ಬಳಸಿದ್ದು ಇಂಥದೇ ಹಲಗೆಯನ್ನು. ಹಲಗೆಯ ಅಡಿಗೆ ಸುಮಾರು ಒಂದು ಗಜ ಉದ್ದದ ಕಂಬ, ಅದರ ತುದಿಯಲ್ಲಿ ಮುಂದೊಂದು ದೊಡ್ಡ ರೆಕ್ಕೆ, ಹಿಂದೊಂದು ಚಿಕ್ಕ ರೆಕ್ಕೆ. ಹಾಯಿಗೆ ಗಾಳಿ ತುಂಬಿ ವೇಗ ಹೆಚ್ಚಿದಂತೆ ನೀರೊಳಗಿನ ರೆಕ್ಕೆ ನಮ್ಮನ್ನು ಎತ್ತತೊಡಗುತ್ತದೆ. ವೇಗ ಎರಡು ಪಟ್ಟಾದರೆ ಎತ್ತುವ ಬಲ ನಾಲ್ಕು ಪಟ್ಟು. ಅಲೆ ಬಡಿಯುವ ಪಟಪಟ ಸದ್ದು ನಿಂತಿತೆಂದರೆ ಹಲಗೆ ನೀರು ಬಿಟ್ಟಿತೆಂದೇ ಅರ್ಥ. ನೀರಿನ ಎಳೆತ ತಪ್ಪಿದ್ದರಿಂದ ವೇಗ ಮತ್ತಷ್ಟು ಏರುತ್ತದೆ, ಹಲಗೆಯೂ ಏರುತ್ತದೆ. ಆಗ ಮುಂಗಾಲಿನ ಮೇಲೆ ಭಾರ ಹಾಕಿ ಅದನ್ನು ತಗ್ಗಿಸದಿದ್ದರೆ ರೆಕ್ಕೆ ನೀರಿನಿಂದ ಹೊರಬಂದು, ಎತ್ತುವ ಬಲ ಒಮ್ಮೆಗೇ ಸತ್ತು, ಹಲಗೆ ಮುಗ್ಗರಿಸುತ್ತದೆ. ಏರಿದವರು ಏರಿದ ಗಳಿಗೆಯಲ್ಲೇ ಏರುವ ಆಸೆಯನ್ನು ಬಿಡಬೇಕು. ವೈರಾಗ್ಯದ ಮಾತು ನನ್ನ ಕಾಲಿಗೆ ತಿಳಿದದ್ದು ಅಲ್ಲಿ.

ಕಲಿಸಿದಾಕೆ ಎಲ್ಲಕ್ಕಿಂತ ಮೊದಲು ಬೀಳುವುದನ್ನು ಹೇಳಿಕೊಟ್ಟಿದ್ದಳು. ಕೆಳಗಿನ ರೆಕ್ಕೆಯ ಅಂಚು ಹರಿತ. ಬೀಳುವುದು ಖಚಿತವಾದ ಮೇಲೂ ಹಲಗೆಯ ಮೇಲೇ ಉಳಿಯಲು ಹೆಣಗಾಡಿದರೆ ಪೆಟ್ಟು ತಪ್ಪಿದ್ದಲ್ಲ. ಹಿಂದಕ್ಕೆ ವಾಲಿ, ಹಲಗೆಯಿಂದ ದೂರಕ್ಕೆ, ನೀರಿಗೆ ಮೈ ಒಪ್ಪಿಸಿಬಿಡಬೇಕು. ತಲೆಗೆ ಇದು ಬೇಗ ಹತ್ತಿತು. ಮೊಣಕಾಲು ಸೆಟೆದುಕೊಳ್ಳುವುದು, ಕತ್ತು ಬಿಗಿಯುವುದು ಮಾತ್ರ ಬಿಡಲು ಒಂದು ಇಡೀ ಬೇಸಿಗೆ ಹಿಡಿಯಿತು.

ಫೋನಿನಲ್ಲಿ ಇದನ್ನೆಲ್ಲ ಕೇಳಿಸಿಕೊಂಡ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೊರವಪ್ಪ ಕೆಳಗ ನೋಡಂಗಿಲ್ಲ ಯವ್ವಾ. ನೋಡಿದ್ರ ಬಿಲ್ಲು ಬಿಡಾಕ ಆಗಂಗಿಲ್ಲ” ಎಂದರು.

ಮೈಲಾರಲಿಂಗ ನಮ್ಮ ಮನೆದೇವರು. ಹೂವಿನಹಡಗಲಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೈಲಾರದಲ್ಲಿ, ಭಾರತ ಹುಣ್ಣಿಮೆ ಕಳೆದ ಮೇಲೆ ಡೆಂಕನ ಮರಡಿಯಲ್ಲಿ ಕಾರ್ಣಿಕ, ಅಂದರೆ ದೇವರ ಭವಿಷ್ಯವಾಣಿ, ನಡೆಯುತ್ತದೆ. ಉಪವಾಸ ವ್ರತ ಹಿಡಿದ ಗೊರವಪ್ಪ ಎರಡಾಳೆತ್ತರ ಮೀರಿದ ಬಿಲ್ಲನ್ನು ಏರುತ್ತಾರೆ. ಸುತ್ತ ಕಣ್ಣು ಹಾಯುವಷ್ಟು ದೂರ ಜನ, ತೂರಿದ ಭಂಡಾರ, ಡಮರುಗದ ಸದ್ದು, ‘ಏಳುಕೋಟಿ’ಯ ಕೂಗು. ಬಿಲ್ಲಿನ ತುದಿಯಿಂದ ಗೊರವಪ್ಪ ‘ಸದ್ದಲೇ’ ಎನ್ನುತ್ತಾರೆ, ಮರಡಿಗೆ ಮರಡಿಯೇ ಸ್ತಬ್ಧವಾಗುತ್ತದೆ. ಒಂದೇ ಒಂದು ನುಡಿ. ನುಡಿದವರೇ ಮೇಲಿನಿಂದ ಬಿದ್ದುಬಿಡುತ್ತಾರೆ. ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯಿಂದ ಬಂದವರು ಆ ನುಡಿಯಲ್ಲಿ ಮಳೆ ಎಷ್ಟು, ಬೆಳೆ ಎಷ್ಟು, ರಾಜ್ಯ ಯಾರದು ಎಂದು ಲೆಕ್ಕ ಹಾಕುತ್ತಾ ಊರಿನ ದಾರಿ ಹಿಡಿಯುತ್ತಾರೆ. ಅಪ್ಪನ ಹೆಗಲೇರಿ ನೋಡುತ್ತಿದ್ದ ವಯಸ್ಸಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಬೀಳುವಾಗ ಗೊರವಪ್ಪನ ಕೈ ಬಿಲ್ಲನ್ನು ತಡಕಾಡಲಿಲ್ಲ.

ಶರಣಾಗತಿ ಎಂಬುದು ಭಕ್ತಿ ಉಕ್ಕಿದಾಗ ತಾನಾಗಿ ಬರುವಂಥದ್ದು, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಉಕ್ಕಿದ ಭಕ್ತಿ ಮೊಣಕಾಲಿನ ಭಯವನ್ನು ಬಿಡಿಸಲಾರದು. ರಥಸಪ್ತಮಿಯಿಂದ ದಿನ ದಿನವೂ ಹಸಿವನ್ನು ಬಿಡುತ್ತಾ ಬಂದವರಿಗೆ ಕೊನೆಗೆ ಬಿಲ್ಲನ್ನು ಬಿಡಲು ಬರುತ್ತದೆ. ಒಪ್ಪಿಸಿಕೊಳ್ಳುವುದೂ ಮೈ ಕಲಿಯಬೇಕಾದ ವಿದ್ಯೆ. ಅಭ್ಯಾಸವೂ ವೈರಾಗ್ಯವೂ ಒಬ್ಬರಲ್ಲೇ ಕೂಡುವುದು ಹೀಗೆ ಎಂದು ನನಗೆ ತೋರುತ್ತದೆ. ದೇವರಲ್ಲಿ ನಂಬಿಕೆ ಬರುತ್ತಿಲ್ಲ ಎಂದು ಕೊರಗುವ ಗೆಳತಿಯರಿಗೆ ನಾನು ಹೇಳುವುದೂ ಇದನ್ನೇ: ಬರಲಿ ಎಂದು ಕಾಯಬೇಡಿ, ಸಣ್ಣದೊಂದನ್ನು ಬಿಡುವುದರಿಂದ ಶುರುಮಾಡಿ.

ಆದರೆ ನದಿ ಕೊಡಲಾರದ್ದೊಂದು ಮೈಲಾರದಲ್ಲಿದೆ. ನೀರು ಯಾರು ಬಿದ್ದರೂ ತೆಗೆದುಕೊಳ್ಳುತ್ತದೆ, ಬಿದ್ದವರು ಯಾರೆಂದು ಅದಕ್ಕೆ ಗೊತ್ತಿಲ್ಲ. ಡೆಂಕನ ಮರಡಿಯಲ್ಲಿ ಕೆಳಗೆ ನಿಂತವರಿಗೆ ಗೊತ್ತು. ಲಕ್ಷಗಟ್ಟಲೆ ಜನ ಕಿವಿಯಾಗಿ ನುಡಿಗಾಗಿ ಕಾಯುವಾಗ ಅವರ ಲಕ್ಷ್ಯವೆಲ್ಲ ಒಬ್ಬ ಮನುಷ್ಯನ ಮೈಯ ಮೇಲೆ. ನುಡಿ ಕಿವಿಗೆ ಬಿದ್ದರೂ ಅದನ್ನು ಬಿಡಿಸಿ ನೋಡಲು ಅವರಿಗೆ ಪುರುಸೊತ್ತಿಲ್ಲ. ಮೇಲಿದ್ದವರ ಶ್ರದ್ಧೆಯ ಅರ್ಧ ಭಾಗ ಈ ಕೆಳಗಿನವರ ಕೈಯಲ್ಲಿದೆ. ಕಾರ್ಣಿಕದ ಮರುದಿನ ಪತ್ರಿಕೆಗಳು ಆ ಒಂದು ಸಾಲಿನ ನುಡಿಯನ್ನು ದಪ್ಪಕ್ಷರದಲ್ಲಿ ಅಚ್ಚುಹಾಕುತ್ತವೆ, ಈ ಕೈಗಳ ಸುದ್ದಿ ಇರುವುದಿಲ್ಲ. ನನಗೆ ಮೈಲಾರದ ದೇವರು ಕಾಣುವುದು ಅಲ್ಲಿಯೇ. ಬರುವ ಮಾಘದಲ್ಲಿ ನೀವು ಜಾತ್ರೆಗೆ ಹೋಗುವವರಾದರೆ, ನುಡಿಯ ಅರ್ಥವನ್ನು ಆಮೇಲೆ ಮಾತಾಡಿಕೊಳ್ಳಬಹುದು. ಗೊರವಪ್ಪ ಬಿಲ್ಲನ್ನು ಬಿಡುವಾಗ ಕೆಳಗೆ ನಿಂತವರನ್ನು ನೋಡಿ.